ಸ್ವಲ್ಪ ಸ್ವಲ್ಪ

2019ರ ಮಾರ್ಚ್ 11, ಸೋಮವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ನಾನು ನರ್ಸ್ ಆಗಿರುವ ಸಣ್ಣ ಆಸ್ಪತ್ರೆಯಲ್ಲಿ ದರ್ಜಿಯ ಹೆಂಡತಿ ಚಪ್ಪಲಿ ಬಿಟ್ಟು ತೂಕದ ಯಂತ್ರದ ಮೇಲೆ ನಿಂತಳು. ಏಳನೆಯ ತಿಂಗಳು, ನಲವತ್ತೊಂದು ಕಿಲೋ. ಕಳೆದ ತಿಂಗಳೂ ಅಷ್ಟೇ ಇತ್ತು. ಮುಳ್ಳು ಕೆಟ್ಟಿರಬಹುದೆಂದು ನಾನೇ ಹತ್ತಿ ನೋಡಿದೆ. ಕೆಟ್ಟಿರಲಿಲ್ಲ.

"ಸರಿಯಾಗಿ ಊಟ ಮಾಡ್ತೀಯೇನಮ್ಮಾ?"

ಉತ್ತರ ಕೊಟ್ಟವರು ಜೊತೆಗೆ ಬಂದಿದ್ದ ಅವಳ ಅತ್ತೆ. "ಮಾಡ್ತಾಳೆ ಸಿಸ್ಟರ್. ಗುಬ್ಬಿಯಂಥ ನಮ್ಮ ಸೊಸೆಗೆ ನೀವೇ ಹೇಳಿದ್ರಲ್ಲ, ಸ್ವಲ್ಪ ಸ್ವಲ್ಪ ತಿನ್ನು ಅಂತ!"

ಹೇಳಿದ್ದೆ, ನಿಜ. ಮೂರನೆಯ ತಿಂಗಳಲ್ಲಿ, ವಾಂತಿಯಾಗುತ್ತಿದ್ದಾಗ: ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ ತಿನ್ನು ಎಂದು. ಆ ಮನೆ 'ಸ್ವಲ್ಪ'ವನ್ನು ಇಟ್ಟುಕೊಂಡು 'ಆರು ಸಲ'ವನ್ನು ಬಿಟ್ಟಿತ್ತು.

"ಮಗು ದಪ್ಪ ಆದ್ರೆ ಹೆರೋರು ಯಾರು? ನಾನು ಹಿಡಿ ಅನ್ನ ತಿಂದೇ ನಾಲ್ಕು ಹೆತ್ತೆ. ಒಂದೂ ಕಷ್ಟ ಕೊಡ್ಲಿಲ್ಲ."

"ಉಳಿದದ್ದೆಷ್ಟು ಅಮ್ಮಾ?"

"ಇವಳ ಗಂಡನೊಬ್ಬ." ಅವರು ಕೈಚೀಲ ಎತ್ತಿಕೊಂಡರು. "ಅದು ಹಣೆಬರಹ."

"ಹೊಟ್ಟೇಲಿರೋ ಕೂಸು ಉಣ್ಣೋದು ಇವಳ ಬಾಯಿಂದ್ಲೇ. ಇವಳು ಉಪವಾಸ ಇದ್ರೆ ಅದೂ ಉಪವಾಸ."

"ಓದಿದೋರ ಮಾತು ಕೇಳೋಕೆ ಚೆಂದ. ಮನೇಲಿರೋದು ಒಂದು ಪಾತ್ರೆ ಅನ್ನ. ದುಡಿಯೋನಿಗೆ ಮೊದಲು ಬಡಿಸ್ಬೇಡ್ವಾ?"

ಅದೇ ವಾರ ಒಂದು ದಿನ ಮಧ್ಯಾಹ್ನ ಎರಡಕ್ಕೆ ಅವರ ಮನೆಗೆ ಹೋದೆ. ಎಲ್ಲರ ಊಟವಾಗಿತ್ತು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಅಡುಗೆಮನೆಯಲ್ಲಿ ಅವಳೊಬ್ಬಳೇ ಗೋಡೆಗೆ ಮುಖಮಾಡಿ ಕುಳಿತು, ತಳಹಿಡಿದ ಅನ್ನವನ್ನು ಚಮಚದಿಂದ ಕೆರೆಯುತ್ತಿದ್ದಳು.

"ಇಷ್ಟೇನಾ?"

"ಇವತ್ತು ಇಷ್ಟಾದ್ರೂ ಉಳೀತಲ್ಲ ಅಕ್ಕಾ," ಎಂದು ನಕ್ಕಳು. "ಮೆಲ್ಲಗೆ ಮಾತಾಡಿ. ಇವ್ರಿಗೆ ಗೊತ್ತಾದ್ರೆ ತಾವೂ ಉಣ್ಣೋದು ಬಿಡ್ತಾರೆ."

ಕಬ್ಬಿಣದ ಮಾತ್ರೆ ಕೊಟ್ಟು, ಮೆಲ್ಲಗೇ ಮಾತಾಡಿ ಬಂದೆ. ಗಟ್ಟಿಯಾಗಿ ಹೇಳಬೇಕಿತ್ತು.

ಏಪ್ರಿಲ್ 2ರಂದು, ದಿನ ತುಂಬಲು ಇನ್ನೂ ಏಳು ವಾರ ಇರುವಾಗಲೇ, ನೋವು ಬಂತು. ಹೆರಿಗೆ ಕೋಣೆಯ ಹೊರಗೆ ಅತ್ತೆ ನನ್ನ ಕೈ ಹಿಡಿದುಕೊಂಡರು.

"ಹೆರಿಗೆ ಸಲೀಸಾಯ್ತಲ್ಲ ಸಿಸ್ಟರ್?"

"ಸಲೀಸಾಯ್ತು ಅಮ್ಮಾ," ಎಂದೆ, ಈ ಸಲ ಬೆಂಚಿನ ಮೇಲಿದ್ದ ದರ್ಜಿಗೂ ಕೇಳುವಂತೆ. "ಮಗು ಅಷ್ಟು ಚಿಕ್ಕದು. ನಿಮ್ಮ ಸೊಸೆ ಹೊಟ್ಟೆ ತುಂಬ ಉಂಡು ಎಷ್ಟು ತಿಂಗಳಾಯ್ತು, ನೀವೇ ಹೇಳಿ."

ದರ್ಜಿ ತಾಯಿಯ ಮುಖ ನೋಡಿದ. ಅವರು ನನ್ನ ಕೈ ಬಿಟ್ಟರು.

ಮಗು ಹತ್ತೊಂಬತ್ತು ಗಂಟೆ ಬದುಕಿತ್ತು. ಹೆಣ್ಣು. ಹುಟ್ಟಿದಾಗಿನ ತೂಕ ಒಂದು ಕಿಲೋ ನಾನೂರ ಹತ್ತು ಗ್ರಾಂ.