ಬಾಚಣಿಗೆಗೆ ರಜೆ ಕೊಟ್ಟವಳು

ಆಸ್ಪತ್ರೆಯ ಆ ಉದ್ದನೆಯ ಕಾರಿಡಾರಿನಲ್ಲಿ ಯಾರ ಕಣ್ಣಿಗಾದರೂ ಮೊದಲು ಬೀಳುತ್ತಿದ್ದುದು ಆಕೆಯಲ್ಲ, ಆಕೆಯ ಜಡೆಗಳು. ಒಂದಲ್ಲ, ಎರಡಲ್ಲ, ಇಪ್ಪತ್ತನಾಲ್ಕು. ಕೂದಲಿನೊಳಗೆ ಉಲ್ಲನ್ ದಾರ ಸೇರಿಸಿ ಬಿಗಿಯಾಗಿ ಹೆಣೆದ ಕಿತ್ತಳೆ, ನೀಲಿ, ಗಿಳಿಹಸಿರು ಜಡೆಗಳು ಬಿಳಿ ಕೋಟಿನ ಗಾಂಭೀರ್ಯವನ್ನು ಕಿಂಚಿತ್ತೂ ಲೆಕ್ಕಿಸದೆ, ಆಕೆಯ ದಾಪುಗಾಲಿನ ಲಯಕ್ಕೆ ಬೆನ್ನಮೇಲೆ ಕುಣಿಯುತ್ತಿದ್ದವು. ಆಪರೇಷನ್ ಆದವರನ್ನು ಮತ್ತೆ ನಡೆಸುವುದು ಆಕೆಯ ಕೆಲಸ. ರೋಗಿಗಳೆಲ್ಲ ‘ಜಡೆ ಮೇಡಂ’ ಎನ್ನುತ್ತಿದ್ದರು.

ಇಷ್ಟು ಶೃಂಗಾರಕ್ಕೆ ದಿನಾ ಎಷ್ಟು ಹೊತ್ತು ಕನ್ನಡಿಯ ಮುಂದೆ ಕೂರುತ್ತಾಳೋ ಎಂದುಕೊಂಡಿದ್ದೆ. ಶುದ್ಧ ತಪ್ಪು. ಆಕೆಯಷ್ಟು ಸೋಮಾರಿಯಾದ ಶೃಂಗಾರಪ್ರಿಯೆಯನ್ನು ನಾನು ಕಂಡಿಲ್ಲ. ಆರು ವಾರಕ್ಕೊಮ್ಮೆ, ಒಂದು ಭಾನುವಾರ, ತಂಗಿಗೆ ತಲೆಯೊಪ್ಪಿಸಿ ಸಿನಿಮಾ ನೋಡುತ್ತ ಹೆಣೆಸಿಕೊಂಡರೆ ಮುಗಿಯಿತು. ಮುಂದಿನ ಆರು ವಾರ ಎದ್ದು, ಮುಖ ತೊಳೆದು, ಹೊರಟರಾಯಿತು. ಕೋಟಿನ ಜೇಬಿನಲ್ಲಿ ಪೆನ್ನು, ದಾರದುಂಡೆ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ ಎಲ್ಲ ಇರುತ್ತಿದ್ದವು, ಬಾಚಣಿಗೆಯೊಂದು ಬಿಟ್ಟು. ಆದರೂ ಗಾಜಿನ ಬಾಗಿಲು ಎದುರಾದಾಗಲೆಲ್ಲ ಅರೆಕ್ಷಣ ನಿಂತು, ತಲೆಯನ್ನೊಮ್ಮೆ ಕೊಡವಿ, ತನ್ನನ್ನು ತಾನೇ ಮೆಚ್ಚಿಕೊಂಡು ಮುಂದೆ ಹೋಗುತ್ತಿದ್ದಳು. ಆ ನಿಸ್ಸಂಕೋಚ ಸಂತೋಷ ನನಗೆ ಬಹಳ ಹಿಡಿಸಿತ್ತು.

ನನ್ನ ಅಕ್ಕನಿಗೆ ಹಿಡಿಸಿರಲಿಲ್ಲ. ಅಕ್ಕ ಮೂವತ್ತು ವರ್ಷ ಹೊಲಿಗೆ ಕಲಿಸಿದ ಟೀಚರು. ಸೊಟ್ಟ ಹೊಲಿಗೆ ಕಂಡರೆ ಬಿಚ್ಚಿಸಿಯೇ ತೀರುವವಳು. ಮಂಡಿಯ ಆಪರೇಷನ್ ಆಗಿ ಮಲಗಿದ್ದಳು.

“ಏನಮ್ಮಾ ಇದು, ತಲೆ ಮೇಲೆ ದಾರದಂಗಡಿ ಇಟ್ಕೊಂಡಿದೀಯಾ?”

“ಅಂಗಡಿ ಅಲ್ಲ ಟೀಚರ್, ಬಾಚಣಿಗೆಗೆ ರಜೆ ಕೊಟ್ಟಿದೀನಿ. ಎಲ್ಲಿ, ಎದ್ದೇಳಿ ನೋಡೋಣ.”

ಅಕ್ಕ ಏಳಲಿಲ್ಲ. ಬಾಯಿ ಜೋರಾದರೂ ಒಳಗೆ ಪುಕ್ಕಲು ಜೀವ. ಮೊದಲ ದಿನ ವಾಕರ್ ಹಿಡಿದು ನಿಂತಾಗ ಕಾಲು ನಡುಗಿದ್ದೇ ಬಂತು, ಆಮೇಲೆ ಮಂಚದ ಅಂಚು ಬಿಟ್ಟು ಕದಲಲಿಲ್ಲ. ಹೀಗೇ ಕೂತರೆ ಮಂಡಿ ಬಿಗಿದುಕೊಂಡು ಕೊನೆತನಕ ಕುಂಟಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ನಾನು ಗೋಗರೆದೆ, ಗದರಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ನಿಜ ಹೇಳಬೇಕೆಂದರೆ, ನನಗೆ ಭಯವಾಗಿತ್ತು.

ಎರಡನೆಯ ವಾರದ ಸೋಮವಾರ ಜಡೆ ಮೇಡಂ ಬಂದ ಅವತಾರ ಕಂಡು ನಾನೇ ಬೆಚ್ಚಿದೆ. ತಲೆಯ ಬಲಕ್ಕೆ ಹೊಚ್ಚಹೊಸ ನೇರಳೆ, ಹಳದಿ ಜಡೆಗಳು. ಎಡಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಬರೀ ಕೆದರುಗೂದಲು.

“ತಂಗಿಗೆ ಜ್ವರ ಬಂತು, ಅರ್ಧಕ್ಕೇ ಮಲಗಿಬಿಟ್ಲು. ಇದೂ ಚೆನ್ನಾಗೇ ಇದೆ ಬಿಡಿ” ಎಂದು ಕಿಟಕಿಯ ಬಳಿಯ ಸ್ಟೂಲಿನ ಮೇಲೆ ಕೂತು ಏನೋ ಬರೆಯತೊಡಗಿದಳು.

ಅಕ್ಕ ಎರಡು ನಿಮಿಷ ಸಹಿಸಿದಳು. “ಆ ಬೈತಲೆ ನೋಡು, ಹಾವು ಹರಿದ ಹಾಗಿದೆ. ಇಲ್ಲಿ ಬಾ, ನಾನು ಹಾಕ್ತೀನಿ.”

“ಬೆಳಕು ಇಲ್ಲೇ ಚೆನ್ನಾಗಿದೆ, ಟೀಚರ್.”

ಬೆಳಕಿನ ವಿಷಯದಲ್ಲಿ ಹೊಲಿಗೆ ಟೀಚರು ಏನು ವಾದ ಮಾಡಿಯಾಳು? ಗೊಣಗುತ್ತಲೇ ವಾಕರ್ ಎಳೆದುಕೊಂಡಳು. ನಾಲ್ಕು ಹೆಜ್ಜೆ. ನಾನು ಧಾವಿಸಿದರೆ, ಸುಮ್ಮನೆ ಹಿಂದೆ ನಿಲ್ಲುವಂತೆ ಮೇಡಂ ಕಣ್ಣಲ್ಲೇ ಸೂಚಿಸಿದಳು. ಹೆಣೆಯಲು ಎರಡೂ ಕೈ ಬೇಕಲ್ಲ, ಅಕ್ಕ ವಾಕರ್ ಬಿಟ್ಟಳು. ಕಿಟಕಿಯ ಕಟ್ಟೆಗೆ ಸೊಂಟ ಆನಿಸಿ, ಬೈತಲೆ ತೆಗೆದವರನ್ನು ಶಪಿಸುತ್ತ ಮೂರು ಜಡೆ ಹಾಕಿದಳು. ಆಮೇಲೆ ಎರಡು ಬದಿಯೂ ಸಮವಾಗಿದೆಯೇ ಎಂದು ನೋಡಲು, ಯಾವ ಆಸರೆಯೂ ಇಲ್ಲದೆ, ಸ್ಟೂಲಿಗೆ ಅರ್ಧ ಸುತ್ತು ಹಾಕಿ ಮುಂದಕ್ಕೆ ಬಂದು ನಿಂತಳು. ನನ್ನ ಕಣ್ಣು ತುಂಬಿತು.

“ಇನ್ನೂ ಒಂಬತ್ತು ಬಾಕಿ ಇದೆ ಟೀಚರ್” ಎಂದಳು ಮೇಡಂ. “ನಾಳೆ ಹಾಕ್ತೀರಾ?”

“ಹಾಕದೆ ಇನ್ನೇನು, ಹೀಗೇ ತಿರುಗಾಡ್ತೀಯಾ?”

ತಮ್ಮ ಅಂದವನ್ನು ಇಷ್ಟು ಹಗುರವಾಗಿ ಹೊತ್ತು ಸುಖಿಸುವವರು, ಬೇಕಾದಾಗ ಅದನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ನಿಶ್ಚಿಂತರಾಗಿ ಕೂರಬಲ್ಲರು. ಅಂಥವರ ಮುಂದೆ, ಹೆದರಿ ಮುದುಡಿದವರಿಗೂ ತಾವೇ ಯಾರಿಗೋ ಉಪಕಾರ ಮಾಡುತ್ತಿದ್ದೇವೆ ಅನ್ನಿಸಿಬಿಡುತ್ತದೆ. ಉಪಕಾರಕ್ಕೆಂದು ಎದ್ದವರು ತಮ್ಮ ಕಾಲಿನ ಕಡೆ ನೋಡಿಕೊಳ್ಳುವುದಿಲ್ಲ.