ಕಾಗೆ ಮುಟ್ಟುವ ಮೊದಲು

ಸೊಣ್ಣಮ್ಮ ತೀರಿಕೊಂಡ ಮೂರನೆಯ ದಿನ ಹಾಲುತುಪ್ಪ ಬಿಡಲು ಹೋದಾಗ ಕಾಗೆ ಬರಲಿಲ್ಲ.

ಪೀಣ್ಯದ ಕಾರ್ಖಾನೆಗಳಿಗೆಂದು ಸರ್ಕಾರ ತೆಗೆದುಕೊಂಡು ಉಳಿದ ಹದಿನಾಲ್ಕು ಗುಂಟೆ ಹೊಲದ ಮೂಲೆಯಲ್ಲಿ ಅವಳನ್ನು ಮಣ್ಣು ಮಾಡಿದ್ದರು. ಗುಡ್ಡೆಯ ಮೇಲೆ ಮುತ್ತುಗದ ಎಲೆ ಹಾಸಿ ಮುದ್ದೆ, ಅವರೆಕಾಳಿನ ಸಾರು, ಒಂದಿಷ್ಟು ಅನ್ನ ಬೆಲ್ಲ ಬಡಿಸಿ ನೆಂಟರೆಲ್ಲ ದೂರ ಸರಿದು ನಿಂತರು. ಹೊತ್ತು ಏರಿತು. ಕಾರ್ಖಾನೆಯ ಕಾಂಪೌಂಡಿನ ತಂತಿಯ ಮೇಲೆ ಕಾಗೆಗಳು ಸಾಲಾಗಿ ಕುಳಿತಿದ್ದವು, ಒಂದೂ ಇಳಿಯಲಿಲ್ಲ. ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರು ಹಿರಿಯರು. ಮಗ ಶ್ಯಾಮಣ್ಣ ಮುಂದೆ ಬಂದು ಒಂದು ಮಾತು ಕೊಟ್ಟ. ಸೊಣ್ಣಮ್ಮನ ಅಕ್ಕ ಮಾರಕ್ಕ ಒಂದು ಮಾತು ಕೊಟ್ಟಳು. ಕಾಗೆ ಅಲುಗಲಿಲ್ಲ. ಕೊನೆಗೆ ಗಂಡ ಆವಲಪ್ಪ ಟವೆಲನ್ನು ಸೊಂಟಕ್ಕೆ ಸುತ್ತಿ ಗುಡ್ಡೆಯ ಮುಂದೆ ಕೈಮುಗಿದು ನಿಂತ.

"ಮೂವತ್ತೊರ್ಸ ನಾನು ಉಂಡೆದ್ದ ಎಲೇಲಿ ನೀನು ಉಂಡೆ ಸೊಣ್ಣೀ. ಇನ್ನೊಂದೊರ್ಸ ದಿನಾ ನಿನಗೆ ಎಡೆ ಇಕ್ತೀನಿ. ನೀನು ಉಂಡು ಬಿಟ್ಟಿದ್ದೇ ನನ್ನ ಬಾಯಿಗೆ ಮೊದಲು. ಅಲ್ಲೀಗಂಟ ತೊಟ್ಟು ನೀರೂ ಗಂಟ್ಲಿಗೆ ಇಳಿಯಾಕಿಲ್ಲ."

ಮಾತು ಮುಗಿಯುವಷ್ಟರಲ್ಲಿ ಒಂದು ಕಾಗೆ ಇಳಿದು ಬಂದು ಮುದ್ದೆಗೆ ಕೊಕ್ಕು ಹಾಕಿತು.

ಅಂದಿನಿಂದ ಆವಲಪ್ಪ ಆ ಮಾತಿಗೆ ತಪ್ಪಲಿಲ್ಲ. ಬೆಳಗಾಗೆದ್ದು ಸ್ನಾನ ಮಾಡಿ, ಆಂಜನೇಯನ ಪಟಕ್ಕೆ ಕೈಮುಗಿದು, ಸೊಸೆ ಭಾಗ್ಯಮ್ಮ ಮಾಡಿಟ್ಟದ್ದರಲ್ಲಿ ಒಂದು ಹಿಡಿ ಎಲೆಯ ಮೇಲಿಟ್ಟುಕೊಂಡು ತಾರಸಿ ಹತ್ತುತ್ತಿದ್ದ. ಬಡಾವಣೆಗೆಂದು ಸುತ್ತಲಿನ ಮರಗಳನ್ನೆಲ್ಲ ಕಡಿದುಹಾಕಿದ್ದರಿಂದ ಕಾಗೆ ಒಮ್ಮೊಮ್ಮೆ ಆರೂವರೆಗೆ ಬರುವುದು, ಒಮ್ಮೊಮ್ಮೆ ಏಳೂವರೆಯಾಗುವುದು. ಅದು ಮುಟ್ಟಿದ ಮೇಲೆ ಅದೇ ಎಲೆಯಲ್ಲಿ ಅವನು ಉಣ್ಣಬೇಕು. ಎಂಟಕ್ಕೆ ಕಾರ್ಖಾನೆಯ ಸೈರನ್ನು. ಅವನು ಅಲ್ಲಿ ಲೇತಿನಲ್ಲಿ ಕಬ್ಬಿಣ ಕಡೆಯುವ ಟರ್ನರ್. ಜಮೀನು ಕೊಟ್ಟವರ ಮನೆಗೊಂದು ಕೆಲಸ ಎಂದು ಸಿಕ್ಕಿದ್ದು. ತಡವಾದ ದಿನ ಕೈ ತೊಳೆಯುತ್ತಲೇ ಸೈಕಲ್ ಏರುತ್ತಿದ್ದ.

ಯುಗಾದಿ ಕಳೆಯುವ ವೇಳೆಗೆ ಅವನ ಮೈ ಬದಲಾಯಿತು. ಬೇಸಿಗೆಯ ಬಿಸಿಲಿನಲ್ಲೂ ಚಳಿ. ಮುಖ ಊದಿ ಕಣ್ಣು ಸಣ್ಣವಾದವು. ಎರಡು ಮೆಟ್ಟಿಲು ಹತ್ತಿದರೆ ಕೂರಬೇಕು. ಶನಿವಾರ ಗುಡಿಯ ಭಜನೆಯಲ್ಲಿ ಮೊದಲ ಪದ ಎತ್ತಿಕೊಡುತ್ತಿದ್ದ ದನಿ ಒಡಕು ಮಡಕೆಯಂತಾಗಿ, ಅವನೇ ನಾಚಿ ಗುಡಿಗೆ ಹೋಗುವುದನ್ನು ಬಿಟ್ಟ. ಹೆಂಡತಿ ಹೋದ ದುಃಖ ಎಂದಿತು ಊರು. ಅವನಿಗೂ ಅದೇ ಸರಿಯೆನಿಸಿತ್ತು. ಹೋದವಳಿಗೆ ಇಷ್ಟಾದರೂ ಸಲ್ಲಬೇಡವೇ ಎಂದು ಒಳಗೊಳಗೇ ಒಂದು ಸಮಾಧಾನವೂ ಇತ್ತು.

ಶ್ರಾವಣದಲ್ಲಿ ಭಾಗ್ಯಮ್ಮ ಹಟ ಹಿಡಿದು ಕಾರ್ಮಿಕರ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಅವನ ಕತ್ತು ಮುಟ್ಟಿ ನೋಡಿ, ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ, ರಕ್ತ ತೆಗೆಸಿ ಸಿಟಿಯ ಲ್ಯಾಬಿಗೆ ಕಳಿಸಿದರು. ವರದಿ ಬರಲು ಹತ್ತು ದಿನ ಹಿಡಿಯಿತು.

"ಕತ್ತಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇರುತ್ತೆ ಆವಲಪ್ಪ. ನಿಮ್ಮದು ಕೆಲಸ ಮಾಡ್ತಿಲ್ಲ. ಈ ಲೆಕ್ಕ ಐದರೊಳಗೆ ಇರಬೇಕು, ನಿಮಗೆ ಅರವತ್ತೆರಡು ಇದೆ."

"ಮನಸಿಗೆ ಬೇಜಾರಾಗಿ ಇಂಗಾಗಿದೆ ತಾಯಿ. ನಮ್ಮನೇರು ತೀರ್ಕೊಂಡ್ರು."

"ಬೇಜಾರು ಬೇರೆ, ಇದು ಬೇರೆ. ಬೇಜಾರಿಗೆ ನನ್ನ ಹತ್ರ ಔಷಧ ಇಲ್ಲ. ಇದಕ್ಕಿದೆ."

ದಿನಕ್ಕೊಂದು ಸಣ್ಣ ಬಿಳಿ ಮಾತ್ರೆ, ಬೆಳಿಗ್ಗೆ ಬರೀ ಹೊಟ್ಟೆಗೆ. ರಕ್ತವೂ ತೆಳುವಾಗಿದೆಯೆಂದು ಕಬ್ಬಿಣಾಂಶದ ಒಂದು ಮಾತ್ರೆ, ಬಿ ಕಾಂಪ್ಲೆಕ್ಸ್ ಒಂದು. ಆರು ವಾರದ ನಂತರ ಮತ್ತೆ ರಕ್ತ ಪರೀಕ್ಷೆ.

ಆರು ವಾರ ಆವಲಪ್ಪ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಆದರೂ ವರದಿಯಲ್ಲಿ ಬಂದದ್ದು ಐವತ್ತೆಂಟು. ಡಾಕ್ಟರಮ್ಮ ಕನ್ನಡಕ ತೆಗೆದು ಅವನನ್ನೇ ನೋಡಿದರು.

"ಮಾತ್ರೆ ತಗೊಳ್ತಿಲ್ಲ ನೀವು."

"ತಗೊಂಡಿವ್ನಿ ತಾಯಿ."

"ಇದು ಹಾಗೆ ಹೇಳ್ತಿಲ್ವಲ್ಲ."

ಆವಲಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಕೊಟ್ಟ ಮಾತಿಗೆ ತಪ್ಪದವನು ಎಂದು ಊರು ಹೇಳುವ ಮನುಷ್ಯ ಅವನು. ಬಾಗಿಲ ಬಳಿ ನಿಂತಿದ್ದ ಭಾಗ್ಯಮ್ಮ ಹೇಳಿದಳು:

"ತಗೊಳ್ತಾರೆ ಮೇಡಂ. ನಾನೇ ನೋಡ್ತೀನಲ್ಲ. ಕಾಗೆ ಮುಟ್ಟಿದ ಮೇಲೆ ಎಡೇದು ಉಂಡು, ರಾಗಿ ಗಂಜಿಗೆ ಹಾಲು ಹಾಕ್ಕೊಡ್ತೀನಿ, ಮೂರು ಮಾತ್ರೇನೂ ಒಟ್ಟಿಗೆ ಬಾಯಿಗೆ ಹಾಕ್ಕೊಂಡು ಗಂಜಿ ಕುಡಿದು ಹೊರಡ್ತಾರೆ."

"ಯಾವ ಕಾಗೆ?"

ಎಲ್ಲವನ್ನೂ ಹೇಳಬೇಕಾಯಿತು. ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. ಒಂದು ಚೀಟಿಯ ಮೇಲೆ ಬರೆಯುತ್ತಲೇ ಹೇಳಿದರು. "ಈ ಬಿಳಿ ಮಾತ್ರೆ ಒಂಟಿಯಾಗಿ ಹೋಗ್ಬೇಕು. ಎದ್ದ ಕೂಡಲೇ, ನೀರಿನ ಜೊತೆ. ಆಮೇಲೆ ಒಂದು ಗಂಟೆ ಏನೂ ಬೇಡ. ಊಟ, ಹಾಲು, ಬೇರೆ ಮಾತ್ರೆ ಜೊತೆ ಹೋದ್ರೆ ಮೈಗೆ ಹಿಡಿಯಲ್ಲ, ಹಾಗೇ ಹೊರಗೆ ಹೋಗುತ್ತೆ. ಉಳಿದೆರಡು ಮಧ್ಯಾಹ್ನ ಊಟದ ಮೇಲೆ."

"ಕಾಗೆ ಉಂಡ ಮೇಲೆ ತಕ್ಕೊಂಡ್ರೆ?"

"ಉಂಡ ಮೇಲೆ ನೀವೂ ಉಣ್ಣಬೇಕಲ್ಲ, ನಿಮ್ಮ ಮಾತಿನ ಪ್ರಕಾರ."

"ಉಣ್ಬೇಕು. ಅದೇ ಮೊದ್ಲು."

"ಮತ್ತೆ?" ಎಂದು ಅವರು ಚೀಟಿ ಚಾಚಿದರು. "ಹೀಗೇ ಬಿಟ್ರೆ ಎದೆ ಸುತ್ತ ನೀರು ಕಟ್ಟುತ್ತೆ ಆವಲಪ್ಪ. ಯೋಚನೆ ಮಾಡಿ."

ಆವಲಪ್ಪ ಯೋಚನೆ ಮಾಡಿದ. ವರ್ಷ ತುಂಬಲು ಇನ್ನೂ ಮೂರೂವರೆ ತಿಂಗಳು ಬಾಕಿ ಇತ್ತು. ಅಲ್ಲಿಯವರೆಗೆ ಹೀಗೇ ತಳ್ಳಿ, ಆಮೇಲೆ ಔಷಧ ಸರಿಯಾಗಿ ತೆಗೆದುಕೊಂಡರಾಯಿತು ಎಂದುಕೊಂಡ. ಆದರೆ ಮಹಾನವಮಿಯ ಮಾರನೆಯ ವಾರ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತಿದ್ದಾಗ ಕೈಯಲ್ಲಿದ್ದ ಸ್ಪ್ಯಾನರು ಜಾರಿದ್ದು ಅವನಿಗೆ ತಿಳಿಯಲೇ ಇಲ್ಲ. ಪಕ್ಕದ ಮೆಷಿನ್ನಿನವನು ಓಡಿಬಂದು ಸ್ವಿಚ್ಚು ಆರಿಸದಿದ್ದರೆ ಬೆರಳು ಹೋಗುತ್ತಿತ್ತು. ಫೋರ್‌ಮನ್ನು ಅವನನ್ನು ಮನೆಗೆ ಕಳಿಸಿದರು.

ಭಾಗ್ಯಮ್ಮ ಅಂದೇ ಮಾರಕ್ಕನಿಗೆ ಹೇಳಿಕಳಿಸಿದಳು. ಮಾರಕ್ಕ ಚೊಕ್ಕಸಂದ್ರದಿಂದ ನಡೆದೇ ಬಂದಳು. ಎಪ್ಪತ್ತು ದಾಟಿದ ಮುದುಕಿ. ತಂಗಿಯನ್ನು ಎತ್ತಿ ಆಡಿಸಿದವಳು. ಜಗಲಿಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಂಡು, ಕಂಬಳಿ ಹೊದ್ದಿದ್ದ ತಂಗಿಯ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಯ್ಯಾ, ನೀನೂ ಅವ್ಳ ಹಿಂದೇನೇ ಹೊಂಟಿದ್ದೀಯಾ?"

"ಮಾತು ಕೊಟ್ಟಿವ್ನಲ್ಲಕ್ಕ. ನೀನೂ ಇದ್ದೆ ಅಲ್ಲಿ. ನಾನಂದ್ಮೇಲೇ ಕಾಗೆ ಬಂದಿದ್ದು."

"ಬಂತು. ಅಸಿದಿತ್ತು, ಬಂತು."

"ಅಂಗನ್ಬೇಡಕ್ಕ." ಆವಲಪ್ಪನ ಒಡಕು ದನಿ ಇನ್ನಷ್ಟು ಒಡೆಯಿತು. "ಮೂವತ್ತೊರ್ಸ. ನಾನೆಷ್ಟೊತ್ತಿಗೆ ಬರ್ಲಿ, ಅಲ್ಲೀಗಂಟ ಒಂದು ತುತ್ತು ಬಾಯಿಗಾಕ್ದೆ ಕಾಯ್ಕೊಂಡು, ನಾನುಂಡ ಎಲೇಲಿ ಉಂಡ್ಲು. ಸೆಕೆಂಡ್ ಶಿಫ್ಟಿಗೋದ್ರೂ ಕಾಯ್ತಿದ್ಲು. ನಾನೊಂದೊರ್ಸ ಕಾಯಕ್ಕಾಗಲ್ಲ ಅಂದ್ರೆ?"

ಮಾರಕ್ಕ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಏನನ್ನೋ ಹೇಳಲೋ ಬೇಡವೋ ಎಂಬಂತೆ ಅಂಗಳದ ಕಡೆ ನೋಡಿದಳು. ಆಮೇಲೆ ಎದ್ದುಹೋಗಿ ಉಗಿದು ಬಂದು ಕುಳಿತಳು.

"ನೀನು ನಿಜವಾಗ್ಲೂ ನಂಬ್ಕೊಂಡಿದ್ದೀಯಾ ಅದನ್ನ?"

"ಯಾವುದ್ನ?"

"ನನ್ತಂಗಿ ಅಸ್ಕೊಂಡು ಕಾಯ್ತಿದ್ಲು ಅಂತ. ಅಯ್ಯೋ ಪೆದ್ದ. ಅಸಿವು ತಡೀತಿದ್ಲೇನೋ ಅವ್ಳು? ಮುದ್ದೆ ತಿರುವ್ತಾ ತಿರುವ್ತಾನೇ ಅರ್ಧ ಮುದ್ದೆ ಮಾಯ. ಉಪ್ಪು ನೋಡ್ತೀನಿ ಅಂತ ಬಟ್ಟಲು ತುಂಬಾ ಸಾರು. ನೋಡಿ ನೋಡಿ ಒಟ್ಟೆ ತುಂಬಿದ್ಮೇಲೆ ಸೆರಗಲ್ಲಿ ಬಾಯೊರೆಸ್ಕೊಂಡು ನಿನ್ನೆದುರು ಬಂದು ನಿಲ್ಲೋಳು. ಒಂದಿನ ನಾನೇ ಕೇಳ್ದೆ, ಇದೇನೇ ಅಂತ. ಅಕ್ಕಾ, ಆ ಗಂಡಸು ಯಾವಾಗ್ಲೋ ಬರ್ತದೆ, ಅದ್ಕಾಗಿ ನಾನು ಸಾಯ್ಲಾ ಅಂದ್ಲು."

ಒಳಗೆ ಭಾಗ್ಯಮ್ಮನ ಪಾತ್ರೆಯ ಸದ್ದು ನಿಂತಿತು.

ಮೂವತ್ತು ವರ್ಷದಲ್ಲಿ ಒಂದು ದಿನವೂ ಆವಲಪ್ಪನಿಗೆ ಸಂಶಯ ಬಂದಿರಲಿಲ್ಲ. ತಾನು ಮೋಸ ಹೋದೆನೆಂದು ಮೊದಲು ಅನಿಸಿತು. ಬಿಸಿಬಿಸಿ ಸಾರಿನ ಬಟ್ಟಲನ್ನು ಊದಿ ಊದಿ ಕುಡಿಯುತ್ತಿರುವ ಸೊಣ್ಣಮ್ಮ ಕಣ್ಣ ಮುಂದೆ ಬಂದಳು. ಅವಳು ಹೋದ ಮೇಲೆ ಅಷ್ಟು ಸ್ಪಷ್ಟವಾಗಿ ಅವಳ ಮುಖ ಕಂಡದ್ದು ಅದೇ ಮೊದಲು. ಇಷ್ಟು ದಿನ ಅವನು ನೆನೆದಾಗಲೆಲ್ಲ ಬರುತ್ತಿದ್ದವಳು ಬಾಗಿಲ ಮರೆಯಲ್ಲಿ ಹಸಿದು ನಿಂತ ಹೆಂಗಸು.

"ನಿಜವೇನಕ್ಕಾ?"

"ನಿನ್ನತ್ರ ಸುಳ್ಳಾಡಿ ನನಗೇನಾಗ್ಬೇಕು? ಅಂಗಂತ ಬೈಕೋಬೇಡ ಅವ್ಳನ್ನ. ನೀನಂದ್ರೆ ಪ್ರಾಣ ಬಿಡೋಳು. ಅದು ಬೇರೆ, ಅಸಿವು ಬೇರೆ. ನೀನೂ ಅಂಗೇ ಮಾಡು. ಅವ್ಳು ಉಪ್ಪು ನೋಡ್ದಂಗೆ ನೀನು ಮಾತ್ರೆ ನೋಡು. ಆಮೇಲೆ ಓಗಿ ಎಡೆ ಇಕ್ಕು. ಅವ್ಳು ಕೇಳಿದ್ರೆ ನನ್ನೆಸ್ರು ಹೇಳು."

ಮಾರಕ್ಕ ಹೇಳಿದ್ದು ನಿಜವೋ, ಅವನನ್ನು ಉಳಿಸಲು ಕಟ್ಟಿದ್ದೋ, ಆವಲಪ್ಪನಿಗೆ ತಿಳಿಯಲಿಲ್ಲ. ತಿಳಿಸಬೇಕಾದವಳು ಹೊಲದ ಮೂಲೆಯಲ್ಲಿದ್ದಳು.

ಮಾರನೆಯ ದಿನ ಐದೂವರೆಗೆ ಎದ್ದ. ಮುಖ ತೊಳೆದು ಅಡುಗೆಮನೆಗೆ ಹೋಗಿ ಒಲೆಯ ಪಕ್ಕದಲ್ಲಿ ನಿಂತು, ಆಂಜನೇಯನನ್ನು ನೆನೆದು, "ತಪ್ಪಿದ್ರೆ ಹೊಟ್ಟೆಗಾಕ್ಕೋ" ಎಂದ. ದೇವರಿಗೆ ಹೇಳಿದನೋ ಹೆಂಡತಿಗೆ ಹೇಳಿದನೋ ಅವನಿಗೇ ಸ್ಪಷ್ಟವಿರಲಿಲ್ಲ. ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ಒಂದು ಲೋಟ ನೀರು ಕುಡಿದ. ಒಂಬತ್ತು ತಿಂಗಳ ನಂತರ ಬರೀ ಬಾಯಿಗೆ ಬಿದ್ದ ನೀರು ಎದೆಯವರೆಗೆ ತಣ್ಣಗೆ ಇಳಿಯಿತು.

ಸ್ನಾನ ಪೂಜೆ ಮುಗಿಸಿ ತಾರಸಿಗೆ ಹೋಗಿ ಎಡೆಯಿಟ್ಟು ಎಂದಿನಂತೆ ದೂರ ನಿಂತ. ಏಳಕ್ಕೆ ಸ್ವಲ್ಪ ಮೊದಲು ಕಾಗೆ ಬಂತು. ಗೋಡೆಯ ಮೇಲೆ ಕುಳಿತು ಕತ್ತು ಕೊಂಕಿಸಿ ನೋಡಿತು, ಇಳಿದು ಒಂದು ಅಗುಳು ಎತ್ತಿಕೊಂಡು ಹಾರಿಹೋಯಿತು. ಅಷ್ಟೇ. ಅದು ಒಪ್ಪಿಗೆಯೋ ಮುನಿಸೋ ಎಂದು ಅವನು ತಲೆ ಕೆಡಿಸಿಕೊಂಡು ನಿಂತ. ಹಿಂದೆಯೂ ಎಷ್ಟೋ ದಿನ ಕಾಗೆ ಒಂದೇ ಅಗುಳು ಎತ್ತಿಕೊಂಡು ಹೋಗಿತ್ತು. ಆ ದಿನಗಳಲ್ಲಿ ಅವನು ಅದಕ್ಕೆ ಮೊದಲೇ ಮಾತ್ರೆ ನುಂಗಿರಲಿಲ್ಲ. ಎಲೆಯ ಮುಂದೆ ಕುಳಿತು ಉಳಿದದ್ದನ್ನು ಉಂಡ.

ಹೀಗೆ ಎಂಟು ವಾರ ನಡೆಯಿತು. ಬಿಳಿ ಮಾತ್ರೆ ಎದ್ದ ಕೂಡಲೇ, ಉಳಿದೆರಡು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟವಾದ ಮೇಲೆ. ಮೂರನೆಯ ವಾರದಲ್ಲಿ ಕಂಬಳಿ ಬೇಡವೆನಿಸಿತು. ಬೆಳಿಗ್ಗೆ ಕಾಲಿನ ಊತ ಇಳಿದು ಚಪ್ಪಲಿ ಸಡಿಲವಾದದ್ದನ್ನು ಭಾಗ್ಯಮ್ಮನೇ ಮೊದಲು ಕಂಡಳು. ದುಃಖವೇನೂ ಕಡಿಮೆಯಾಗಲಿಲ್ಲ. ಮೊದಲು ಎದೆಯ ಮೇಲೆ ಮಣ್ಣು ಪೇರಿಸಿದಂತೆ ಇದ್ದದ್ದು ಈಗ ಹೊತ್ತು ನೋಡಿಕೊಂಡು ಬರುತ್ತಿತ್ತು. ಸಂತೆಯಲ್ಲಿ ಅವರೆಕಾಯಿ ಕಂಡರೆ ಬರುತ್ತಿತ್ತು, ಬಂದು ಕಣ್ಣು ತೋಯಿಸಿ ಹೋಗುತ್ತಿತ್ತು.

ಧನುರ್ಮಾಸದಲ್ಲಿ ವರದಿ ಬಂತು. ಹನ್ನೊಂದು.

"ಇನ್ನೂ ಇಳೀಬೇಕು, ಆದ್ರೆ ಸರಿದಾರಿಗೆ ಬಂದಿದೆ," ಎಂದರು ಡಾಕ್ಟರಮ್ಮ. "ಎರಡು ತಿಂಗಳು ಬಿಟ್ಟು ಮತ್ತೆ ರಕ್ತ ಕೊಡಿ. ಮಾತ್ರೆ ಮಾತ್ರ ನಿಲ್ಲಿಸೋ ಹಾಗಿಲ್ಲ."

"ಎಷ್ಟು ದಿನ ತಾಯಿ?"

"ಇರೋವರೆಗೂ."

ಆವಲಪ್ಪ ತಲೆಯಾಡಿಸಿದ. ಇದಕ್ಕೆ ಅವನು ಯಾರಿಗೂ ಮಾತು ಕೊಡಲು ಹೋಗಲಿಲ್ಲ. ಚೀಟಿ ಮಡಿಸಿ ಜೇಬಿಗಿಟ್ಟುಕೊಂಡ.

ಮನೆಗೆ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಭಾಗ್ಯಮ್ಮ ಎಲೆ ಹಾಕಿ ಮುದ್ದೆ ಬಡಿಸಿ ಬಾಗಿಲ ಪಕ್ಕ ನಿಂತಳು. ಶ್ಯಾಮಣ್ಣ ಕೆಲಸದಿಂದ ಬರುವುದು ಮೂರೂವರೆಗೆ. ಆವಲಪ್ಪ ಒಂದು ತುತ್ತು ಮುರಿದು ಸಾರಿಗೆ ಅದ್ದಿ, ನುಂಗುವ ಮೊದಲು ತಲೆ ಎತ್ತಿದ.

"ನೀನು ಉಂಡ್ಯೇನಮ್ಮ?"

"ಇಲ್ಲ ಮಾವ. ಅವರು ಬರ್ಲಿ."

"ಉಪ್ಪು ನೋಡ್ದ್ಯಾ?"

ಭಾಗ್ಯಮ್ಮ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟಳು.

"ಸ್ವಲ್ಪ ನೋಡ್ದೆ ಮಾವ."

"ಸ್ವಲ್ಪ ಯಾಕೆ? ಅವನು ಬರೋದು ಇನ್ನೂ ಒಂದೂವರೆ ಗಂಟೆ. ಒಂದೆಲೆ ಆಕ್ಕೊಂಡು ಕೂತ್ಕೊಂಡು ಉಣ್ಣು," ಎಂದು ಆವಲಪ್ಪ ತುತ್ತು ನುಂಗಿದ. "ಅಂಗೇ ಆ ಕಬ್ಬಿಣದ ಮಾತ್ರೆ ಇತ್ತ ಕೊಡು. ಊಟ ಆದ್ಮೇಲೆ ಅಂದವ್ರೆ."