ಎರಡು ಮನೆಗಳ ಪದಕೋಶ

ರುಕ್ಮಿಣಿಬಾಯಿ ತೀರಿಕೊಂಡ ವರ್ಷ ಮೊಮ್ಮಗಳು ಪೂನಂ ಆಕೆಯ ಮಾತುಗಳನ್ನು ಬರೆದಿಡತೊಡಗಿದಳು. ಗಡಗಿ ಎಂದರೆ ಮಡಕೆ, ಪಡಸಾಲಿ ಎಂದರೆ ನಡುಮನೆ, ಹಗೇವು ಎಂದರೆ ಕಾಳು ತುಂಬಿಡುವ ನೆಲಗುಳಿ. ಅಜ್ಜಿಯನ್ನು ಅವಳು ಆಯಿ ಎಂದೇ ಕರೆಯುತ್ತಿದ್ದಳು; ಒಂದು ಪದ ನೆನಪಾದರೆ ಅದರ ಹಿಂದೆ ಆಯಿಯ ದನಿಯೂ ಕೇಳಿಸುತ್ತಿತ್ತು.

ಹುಮನಾಬಾದಿನ ಔಷಧಿ ಕಾರ್ಖಾನೆಯೊಂದರಲ್ಲಿ ಪೂನಂಗೆ ಕಂಪ್ಯೂಟರ್ ಕೆಲಸ. ಹೊರದೇಶಕ್ಕೆ ಹೋಗುವ ಮಾತ್ರೆಗಳ ವಿವರವನ್ನು, ಒಂದೊಂದಕ್ಕೂ ಹೆಸರಿನ ಪಟ್ಟಿ ಹಚ್ಚಿ, ಎಕ್ಸ್‌ಎಂಎಲ್ ಕಡತಗಳಲ್ಲಿ ಬರೆಯುವುದು, ಸ್ಕೀಮಾ ಎಂಬ ನಿಯಮಾವಳಿಯಲ್ಲಿ ಹೇಳಿದ ನಿಯಮಗಳಿಗೆ ಅವು ಹೊಂದುತ್ತವೆಯೇ ಎಂದು ಪರೀಕ್ಷಿಸುವುದು. ಕೈಗೆ ಬಂದ ವಿದ್ಯೆ ಅದೇ ಆದ್ದರಿಂದ ಆಯಿಯ ಪದಗಳನ್ನೂ ಅವಳು ಹಾಗೆಯೇ ಬರೆದಳು. ಬೀದರಿನಲ್ಲಿ ಕೆಲವು ಆಸಕ್ತರು ಸೇರಿ ಆಡುಮಾತುಗಳ ಸಂಗ್ರಹ ಮಾಡುತ್ತಿದ್ದರು. ಕಡತ ಪರೀಕ್ಷೆಯಲ್ಲಿ ಪಾಸಾದರೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು.

ಇದನ್ನು ಕೇಳಿದ್ದೇ ತಡ, ಬಸವಕಲ್ಯಾಣದಿಂದ ಮೀನಾಜ್ ಫೋನ್ ಮಾಡಿದಳು. "ನಮ್ಮ ನಾನಿದು ಬ್ಯಾಡೇನು? ನಾನೂ ಬರಿತೇನಿ, ಹ್ಯಾಂಗಂತ ಕಲಿಸು."

ಮೀನಾಜಳ ನಾನಿ, ಅಂದರೆ ತಾಯಿಯ ತಾಯಿ, ಮುನ್ನಿ ಬೀ. ಕೋಟೆಯ ಹಿಂದಿನ ಗಲ್ಲಿಯಲ್ಲಿ ಆಕೆಯ ಮನೆಗೂ ರುಕ್ಮಿಣಿಬಾಯಿಯ ಮನೆಗೂ ಒಂದೇ ಗೋಡೆ. ಪೂನಂ ಬೆಳೆದದ್ದು ಎರಡೂ ಮನೆಗಳಲ್ಲಿ. ಒಂದರಲ್ಲಿ ಉಂಡರೆ ಇನ್ನೊಂದರಲ್ಲಿ ನಿದ್ದೆ. ತಂದೆ ಹುಮನಾಬಾದಿನ ಧಾನ್ಯದ ಅಡತಿ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೆ ಪೂನಂಳ ಮನೆ ಮಾರಾಟವಾಯಿತು. ಕೊಂಡವರು ಅದನ್ನು ಕೆಡವಿದರು. ಮೀನಾಜ್ ಮಾತ್ರ ಅಲ್ಲೇ ಉಳಿದು, ಉರ್ದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಳೆ.

ಫೋನಿನಲ್ಲೇ ಕಲಿತು ಮೀನಾಜ್ ನಾನಿಯ ದಖ್ಖನಿ ಉರ್ದು ಮಾತಿಗೆ ತನ್ನದೇ ಸ್ಕೀಮಾ ಬರೆದಳು. ಒಂದು ಭಾನುವಾರ ಎರಡನ್ನೂ ಒಂದೇ ಕಡತವಾಗಿ ಕೂಡಿಸಲು ಪೂನಂ ಬಸ್ಸು ಹತ್ತಿ ಬಂದಳು. ಮುನ್ನಿ ಬೀ ಬಾಗಿಲಲ್ಲೇ ಅವಳ ಗದ್ದ ಹಿಡಿದು, "ರುಕ್ಮಿಣಿ ಮಾರಿನೇ ಬಂತು ನೋಡ್" ಎಂದಳು.

ಎರಡೂ ಕಡತಗಳನ್ನು ಸೇರಿಸಿ ಪರೀಕ್ಷೆಗೆ ಒಡ್ಡಿದರೆ ಪರದೆಯ ತುಂಬ ಕೆಂಪು ಸಾಲುಗಳು. ಇಬ್ಬರೂ 'ಪದ' ಎಂಬ ಹೆಸರನ್ನೇ ಇಟ್ಟಿದ್ದರು, ಆದರೆ ನಿಯಮ ಬೇರೆ ಬೇರೆ. ಪೂನಂಳ ಪದಕ್ಕೆ ಮೂರು ಲಿಂಗ, ಮೀನಾಜಳದಕ್ಕೆ ಎರಡೇ. ಮೀನಾಜಳದರಲ್ಲಿ ಪ್ರತಿ ಪದಕ್ಕೂ ಒಂದು ಉದಾಹರಣೆ ಕಡ್ಡಾಯ, ಏಕೆಂದರೆ ನಾನಿ ಬರಿಯ ಪದ ಹೇಳಿದವಳೇ ಅಲ್ಲ. ಕೇಳಿದರೆ ಇಡೀ ವಾಕ್ಯವನ್ನೇ ಹೇಳುವಳು. ಪೂನಂಳ ಸ್ಕೀಮಾದಲ್ಲಿ ಉದಾಹರಣೆಗೆ ಜಾಗವೇ ಇರಲಿಲ್ಲ.

ಪೂನಂಗೆ ಅವಸರ. ಮೀನಾಜಳ ಸ್ಕೀಮಾ ತೆಗೆದುಹಾಕಿ, ಪದಗಳನ್ನೆಲ್ಲ ತನ್ನದರೊಳಗೆ ತುಂಬಿದಳು. ಹೆಚ್ಚಾದ ಉದಾಹರಣೆಗಳು ಬಿದ್ದುಹೋದವು. ಪರೀಕ್ಷೆ ಪಾಸಾಯಿತು.

"ಮುಗೀತು ನೋಡ!"

ಮೀನಾಜ್ ನಾನಿಗೆ ಓದಿ ಹೇಳಿದಳು: "ಸಾಲಿ. ಅರ್ಥ, ಶಾಲೆ. ಇನ್ನೊಂದು ಅರ್ಥ, ಹೆಂಡತಿಯ ತಂಗಿ."

"ಔರ್?" ಎಂದಳು ಮುನ್ನಿ ಬೀ, ಮುಂದೇನು ಎಂಬಂತೆ.

"ಅಷ್ಟೇ, ನಾನಿ."

"ಮೇರಿ ಬಾತ್ ಕಾಂ ಗಯಿ?"

ನನ್ನ ಮಾತು ಎಲ್ಲಿ ಹೋಯಿತು ಎಂದು ಆಕೆ ಕೇಳಿದ್ದು. 'ಉನೋಂಕಿ ಸಾಲಿ ಆಯಿ', ಅಂದರೆ 'ಅವರ ಸಾಲಿ ಬಂದಳು', ಎಂದು ಬರೆಸಿದ್ದಳು. ಗಂಡನ ಹೆಸರು ಹಿಡಿಯದೆ, ತನ್ನ ತಂಗಿ ಬಂದಳೆಂದು ಹೇಳುವ ಅವಳ ರೀತಿ ಅದು. ತಂಗಿಯೂ ಗಂಡನೂ ಈಗಿಲ್ಲ.

ಮೀನಾಜ್ ಎದ್ದು ಅಡುಗೆಮನೆಗೆ ಹೋದಳು. ಪೂನಂ ಹಿಂದೆಯೇ ಹೋದಳು.

"ಸಿಟ್ಟಾದಿ ಏನು?"

"ನಿಮ್ಮ ಮನಿ ತುಂಬ ನಮ್ಮ ಸಾಮಾನು ತುರುಕಿದಂಗಾತು" ಎಂದಳು ಮೀನಾಜ್ ಚಹಾದ ಪಾತ್ರೆಯಿಂದ ಕಣ್ಣೆತ್ತದೆ. "ಪಾಸೇನೋ ಆತು. ನಾನಿ ಎಲ್ಲಿದ್ದಾಳ ಅದರಾಗ?"

ಪೂನಂಗೆ ಚಿಕ್ಕಂದಿನಲ್ಲಿ ಈ ಅಡುಗೆಮನೆಯಲ್ಲಿ ಕೂತು ತಾನು 'ನಕ್ಕೋ, ನಕ್ಕೋ' ಎಂದು ಊಟ ಬೇಡವೆನ್ನುತ್ತಿದ್ದದ್ದು, ಗೋಡೆಯಾಚೆ ಆಯಿಯ ಮನೆಗೆ ಹೋದ ಕೂಡಲೇ ಅದೇ ಬಾಯಲ್ಲಿ 'ಒಲ್ಲೆ' ಎನ್ನುತ್ತಿದ್ದದ್ದು ನೆನಪಾಯಿತು. ಯಾರೂ ಅವಳಿಗೆ ಎರಡನ್ನು ಒಂದು ಮಾಡು ಎಂದಿರಲಿಲ್ಲ.

"ತಡಿ, ತಪ್ಪಾತು. ಬಿಚ್ಚಿ ಮತ್ತ ಕಟ್ಟೂನು" ಎಂದಳು.

ಹೊರಗೆ ಬಂದು ಕೂತು ವಿವರಿಸಿದಳು. "ಗಲ್ಲಿಯಾಗ ಇಬ್ಬರು ಉಮಾದೇವಿ ಇದ್ದರ ಅಡ್ಡಹೆಸರು ಹಚ್ಚಿ ಕರಿತೇವಲ್ಲ, ಹಂಗ ಇದಕ್ಕ ನೇಮ್‌ಸ್ಪೇಸ್ ಅಂತಾರ. ನಿನ್ನ ಪದ 'ನಾನಿ:ಪದ', ನನ್ನದು 'ಆಯಿ:ಪದ'. ನಿಯಮ ಯಾರದು ಅವರಿಗೆ. ಮ್ಯಾಲೊಂದು ಸಣ್ಣ ಸ್ಕೀಮಾ ಬರದು ಎರಡನ್ನೂ ಕರಕೊಂಡರ ಆತು."

ಪ್ರತಿ ನೇಮ್‌ಸ್ಪೇಸಿಗೂ ಗುರುತಾಗಿ ವೆಬ್ ವಿಳಾಸದಂಥ ಒಂದು ಪೂರ್ಣ ವಿಳಾಸ ಬೇಕಿತ್ತು. ಮೀನಾಜ್ ಅದರಲ್ಲಿ ತನ್ನ ಗಲ್ಲಿ, ಮನೆಯ ನಂಬರು ಹಾಕಿದಳು. ಪೂನಂ ಬೆರಳು ತಡೆದು ಕೂತಳು.

"ಈ ವಿಳಾಸ ಖರೇನೇ ಇರಬೇಕೇನು?" ಮೀನಾಜ್ ಕೇಳಿದಳು.

"ಇರಬೇಕಂತಿಲ್ಲ. ಬ್ಯಾರೆ ಯಾರದೂ ಆಗಿರಬಾರದು, ಅಷ್ಟೇ."

"ಹಂಗಾದ್ರ ನಿಮ್ಮ ಹಳೀ ಮನಿದೇ ಹಾಕು."

ಪೂನಂ ಹಾಕಿದಳು. ಕೆಡವಿದ ಮನೆಯ ನಂಬರನ್ನು ಬರೆಯುವಾಗ ಅವಳ ಕಣ್ಣು ತುಂಬಿತು. ಮೀನಾಜ್ ಚಹಾದ ಬಟ್ಟಲನ್ನು ಅವಳ ಕಡೆ ಸರಿಸಿದಳು.

ಮತ್ತೆ ಪರೀಕ್ಷೆ, ಮತ್ತೆ ಕೆಂಪು. ಈ ಸಲ ತಕರಾರು ನಾನಿಯ ಪದದೊಳಗಿನ 'ಅರ್ಥ', 'ಉದಾಹರಣೆ'ಗಳದ್ದು. ಎರಡು ಸ್ಕೀಮಾಗಳ ತಲೆಯ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದ ಮೀನಾಜ್ ಬೆರಳಿಟ್ಟಳು. "ನಿನ್ನದರಾಗ ಇದೊಂದು ಮಾತು ಅದ, ನನ್ನದರಾಗ ಇಲ್ಲ." ಒಳಗಿನ ಹೆಸರುಗಳಿಗೂ ಅಡ್ಡಹೆಸರು ಸಲ್ಲುತ್ತದೆ ಎಂದು ಹೇಳುವ ಮಾತು ಅದು. ಮೀನಾಜಳ ಸ್ಕೀಮಾದಲ್ಲಿ ಹೊರಗಿನ 'ಪದ' ಮಾತ್ರ ನಾನಿಯ ಮನೆಗೆ ಸೇರಿತ್ತು. ಒಳಗಿನವು ಯಾರಿಗೂ ಸೇರಿರಲಿಲ್ಲ. ಅದನ್ನು ಸೇರಿಸಿದ ಮೇಲೆ ಪರದೆಯಲ್ಲಿ ಒಂದೂ ತಪ್ಪು ಉಳಿಯಲಿಲ್ಲ.

ಮೀನಾಜ್ ಎಲ್ಲವನ್ನೂ ಓದಿದಳು. ಆಯಿಯ ಸಾಲಿ, ನಾನಿಯ ಸಾಲಿ, ಹಿಂದೆಯೇ ತಂಗಿ ಬಂದ ವಾಕ್ಯ. ಮುನ್ನಿ ಬೀ ಕಣ್ಣು ಮುಚ್ಚಿ ಕೇಳಿ, "ಗ್ವಾಡಿಸಾಲನ್ ಬರದೀರೇನು?" ಎಂದಳು.

ಗೆಳತಿಯರಿಬ್ಬರಿಗೂ ಗೊತ್ತಿಲ್ಲದ ಪದ. ಮಾಂಸ ತಿನ್ನದ ರುಕ್ಮಿಣಿಬಾಯಿಗೆಂದು ಮುನ್ನಿ ಬೀ ಬೇರೆ ಗಡಗಿಯಲ್ಲಿ ಬದನೆಕಾಯಿ ಸಾಲನ್ ಮಾಡಿ ಗೋಡೆಯ ಮೇಲಿಂದ ಕೊಡುತ್ತಿದ್ದಳಂತೆ. ಗ್ವಾಡಿ ಎಂದರೆ ಗೋಡೆ; ಆ ಸಾರಿಗೆ ಅಜ್ಜಿಯರಿಬ್ಬರೂ ಸೇರಿ ಇಟ್ಟ ಹೆಸರು ಅದು.

"ಯಾರ ಮನಿಗೆ ಹಾಕೂನ್ರಿ, ನಾನಿ?" ಪೂನಂ ಕೇಳಿದಳು.

"ಆಕೀ ಹೆಸರಿಗೆ ಹಾಕ್. ತಿಂದಾಕಿ ಆಕೀನೇ."

ಆಯಿಯ ಪಾಲಿಗೇ ಅದನ್ನು ಬರೆದು, ಅಂದೇ ಕಡತ ಕಳಿಸಿದರು. ಕೆಲವು ದಿನಗಳ ಮೇಲೆ ಬೀದರಿನಿಂದ ಒಪ್ಪಿಗೆ ಬಂತು. ಕಾರ್ಖಾನೆಯಲ್ಲಿದ್ದ ಪೂನಂಗೆ ಮೀನಾಜಳ ಫೋನ್. ಹಿಂದಿನಿಂದ ನಾನಿಯ ದನಿ ಕೇಳುತ್ತಿತ್ತು.

"ಬೈಗುಳಾನೂ ಬೇಕೇನಂತ ಕೇಳಾಕತ್ತಾಳ" ಎಂದಳು ಮೀನಾಜ್ ನಗುತ್ತ. "ನಿಮ್ಮ ಆಯಿ ಬೈದದ್ದು ಒಂದೂ ಮರತಿಲ್ಲಂತ."

ಆಯಿ ಬೈಯುತ್ತಿದ್ದಳೆಂಬುದೇ ಪೂನಂಗೆ ಹೊಸ ಸುದ್ದಿ. ನಗು ತಡೆಯಲಾಗದೆ ಕುರ್ಚಿ ಎಳೆದುಕೊಂಡು ಕೂತಳು.

"ಫೋನ್ ನಾನಿ ಕೈಯಾಗ ಕೊಡು" ಎಂದಳು.